ಮೊದಲು ಬ್ಯಾಟರಿ ತಂತಿ, ಆಮೇಲೆ ಸ್ಪ್ಯಾನರ್

ಮಾರ್ಚ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ. ನೀವು ನಿಂತಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ, ಒಂದು ಮನೆಯ ಅಂಗಳದಲ್ಲಿ. ಪೈನ್ ಮರಗಳ ಹಳದಿ ಪರಾಗ ರಸ್ತೆ, ಕಾರು, ಮೆಟ್ಟಿಲು ಯಾವುದನ್ನೂ ಬಿಡದೆ ಕೂತಿದೆ. ಮನೆಯ ಹಿಂದೆ ಮರಗಳ ನಡುವೆ ಡಾಂಬರಿನ ಕಿರುದಾರಿಯೊಂದು ಹಾದುಹೋಗುತ್ತದೆ. ಅಲ್ಲಿಗೆ ಕಾರು ಬರುವಂತಿಲ್ಲ. ನಡೆಯುವವರು, ಸೈಕಲ್ಲಿನವರು, ಉಳಿದಂತೆ ಗಾಲ್ಫ್ ಕಾರ್ಟ್‌ಗಳು. ತರಕಾರಿ ತರುವುದಕ್ಕೆ ಕಾರ್ಟ್, ಗ್ರಂಥಾಲಯಕ್ಕೆ ಕಾರ್ಟ್, ಹೈಸ್ಕೂಲಿನ ಮಕ್ಕಳೂ ಕಾರ್ಟ್‌ನಲ್ಲೇ ಶಾಲೆಗೆ ಹೋಗುತ್ತಾರೆ. 1959ರಲ್ಲಿ ನಗರವಾದ ಈ ಊರಿನಲ್ಲಿ ಇಂಥ ದಾರಿ ನೂರು ಮೈಲಿಗೂ ಹೆಚ್ಚಿದೆ, ಕಾರ್ಟ್‌ಗಳು ಹತ್ತು ಸಾವಿರಕ್ಕೂ ಹೆಚ್ಚು. ಕಾರ್ಟ್ ತಯಾರಿಕೆಯ ದೊಡ್ಡ ಹೆಸರುಗಳೂ ಇದೇ ರಾಜ್ಯದಲ್ಲಿವೆ. 1954ರಲ್ಲಿ ಶುರುವಾದ ಇ-ಜೆಡ್-ಗೋ ಆಗಸ್ಟಾ ಕಡೆ, ಕ್ಲಬ್ ಕಾರ್ ಕೂಡ ಅಲ್ಲೇ, ಯಮಹಾ ಹತ್ತಿರದ ನ್ಯೂನನ್‌ನಲ್ಲಿ.

ಅಂಗಳದಲ್ಲಿ ಈಗ ತಾನೇ ತಳ್ಳಿ ತಂದು ನಿಲ್ಲಿಸಿದ ಒಂದು ಹಳೆಯ ಕ್ಲಬ್ ಕಾರ್ ಇದೆ. ಡಿಎಸ್ ಮಾದರಿ, ಪೆಟ್ರೋಲ್ ಬಂಡಿ, ಸೀಟಿನ ಕೆಳಗೆ ಕವಾಸಾಕಿಯ 286 ಸಿಸಿ ಒಂಟಿ ಸಿಲಿಂಡರ್ ಎಂಜಿನ್. ಎದುರುಮನೆಯವರದು. ಚಳಿಗಾಲವಿಡೀ ಮೂಲೆಯಲ್ಲಿ ನಿಂತಿತ್ತು. ಇವತ್ತು ಹೊರಗೆ ತೆಗೆದರೆ ಸ್ಟಾರ್ಟ್ ಆಗುತ್ತದೆ, ಒಂದು ಫರ್ಲಾಂಗ್ ಓಡುತ್ತದೆ, ಕೆಮ್ಮುತ್ತದೆ, ನಿಲ್ಲುತ್ತದೆ. ಐದು ನಿಮಿಷ ಬಿಟ್ಟರೆ ಮತ್ತೆ ಅದೇ ಆಟ.

ರಿಪೇರಿಗೆ ನಿಂತವರು ಹಾಸನದ ಕಡೆಯವರು. ವಾರವೆಲ್ಲ ಅಟ್ಲಾಂಟಾದಲ್ಲಿ ಆಫೀಸು, ರಜೆಯ ದಿನ ನೆರೆಹೊರೆಯ ಕಾರ್ಟ್‌ಗಳ ರಿಪೇರಿ. ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಅವರ ಮಾವ ಕೂತಿದ್ದಾರೆ, ಮಗಳ ಮನೆಗೆಂದು ಅರಸೀಕೆರೆಯಿಂದ ಬಂದವರು. ಊರಿನಲ್ಲಿ ದಶಕಗಟ್ಟಲೆ ಗ್ಯಾರೇಜು ನಡೆಸಿದ ಮನುಷ್ಯ. ಲೂನಾ, ಚೇತಕ್, ಯೆಜ್ಡಿ, ಏನು ಬಂದರೂ ಬಿಚ್ಚಿದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಎಷ್ಟೋ ವರ್ಷ ಯೆಜ್ಡಿಗಳನ್ನು ಓಡಿಸಿಕೊಂಡು ಬಂದ ಕೈ ಅದು.

"ಪೆಟ್ರೋಲ್ ಏರ್ತಿಲ್ಲ ಅಳಿಯಂದ್ರೇ," ಎನ್ನುತ್ತಾರೆ ಮಾವ, ಕೂತಲ್ಲಿಂದಲೇ. "ಶಬ್ದದಲ್ಲೇ ಗೊತ್ತಾಗುತ್ತೆ. ಬಿಚ್ಚಿ ನೋಡೋಣ, ಸ್ಪ್ಯಾನರ್ ಕೊಡಿ."

"ಬಿಚ್ಚೋಣ ಮಾವ. ಮುಟ್ಟಿ ನೋಡಿ, ಸೈಲೆನ್ಸರ್ ಇನ್ನೂ ಸುಡ್ತಿದೆ. ಮೊದಲು ತಣ್ಣಗಾಗಲಿ."

ಸೀಟನ್ನು ಎತ್ತಿ ತೆಗೆದಿದ್ದಾರೆ. ನೀವು ಬಗ್ಗಿ ನೋಡಿ. ಒಂದು ಬದಿಗೆ ಪ್ಲಾಸ್ಟಿಕ್ ಟ್ಯಾಂಕು, ಇನ್ನೊಂದು ಬದಿಗೆ 12 ವೋಲ್ಟಿನ ಬ್ಯಾಟರಿ, ಹಿಂದುಗಡೆ ಎಂಜಿನ್, ಅದರ ಮಗ್ಗುಲಲ್ಲಿ ಬೆಲ್ಟು ಹಾಕಿದ ಸ್ಟಾರ್ಟರ್. ಪೆಟ್ರೋಲೂ ಕಿಡಿಯೂ ಬಿಸಿಯೂ ಒಂದೇ ಡಬ್ಬದೊಳಗೆ, ಒಂದಕ್ಕೊಂದು ಮೊಳ ದೂರದಲ್ಲಿ ಇವೆ. ಎಂಜಿನ್ ಬಿಸಿಯಿರುವಾಗ ಪೈಪು ಬಿಚ್ಚಿ ನಾಲ್ಕು ಹನಿ ಸೈಲೆನ್ಸರ್ ಮೇಲೆ ಬಿದ್ದರೆ ಮುಂದಿನದನ್ನು ಯಾರೂ ತಡೆಯಲಾರರು. ಆದ್ದರಿಂದ ಕಾಯುವುದೇ ಮೊದಲ ಕೆಲಸ. ಅಂಗೈಯನ್ನು ಲೋಹಕ್ಕೆ ಒತ್ತಿ ಹಾಗೆಯೇ ಇಟ್ಟುಕೊಳ್ಳುವಷ್ಟು ತಣ್ಣಗಾಗಬೇಕು.

ಕಾಯುವ ಹೊತ್ತಿನಲ್ಲಿ ಮಾವನಿಗೆ ಇನ್ನೊಂದು ಪ್ರಶ್ನೆ. ಇಷ್ಟು ದೊಡ್ಡ ಗ್ಯಾರೇಜು ಇದೆ, ನೆರಳಿದೆ, ಲೈಟಿದೆ, ಮೇಜಿದೆ. ಈ ಪರಾಗದ ಧೂಳಿನಲ್ಲಿ, ಅಂಗಳದಲ್ಲಿ ಯಾಕೆ?

ಅಳಿಯ ಉತ್ತರ ಹೇಳುವುದಿಲ್ಲ, ಒಳಗೆ ಕರೆದುಕೊಂಡು ಹೋಗುತ್ತಾರೆ. ನೀವೂ ಹೋಗಿ. ಗ್ಯಾರೇಜಿನ ಮೂಲೆಯಲ್ಲಿ ಆಳೆತ್ತರದ ಗ್ಯಾಸ್ ಗೀಸರ್ ನಿಂತಿದೆ, ನೆಲದಿಂದ ಎತ್ತರಿಸಿದ ಕಟ್ಟೆಯ ಮೇಲೆ. ಬುಡದ ಪುಟ್ಟ ಕಿಂಡಿಯಲ್ಲಿ ಕಣ್ಣಿಟ್ಟರೆ ಬೆರಳ ತುದಿಯಷ್ಟು ನೀಲಿ ಜ್ವಾಲೆ ಕಾಣುತ್ತದೆ. ಹಗಲೂ ರಾತ್ರಿ ಉರಿಯುವ ಜ್ವಾಲೆ. "ಗ್ಯಾರೇಜಲ್ಲಿ ಗೀಸರ್ ಇಟ್ಟರೆ ಇದರ ಬೆಂಕಿ ನೆಲದಿಂದ 18 ಇಂಚಾದರೂ ಮೇಲಿರಬೇಕು ಅಂತ ಇಲ್ಲಿ ಕಟ್ಟಡದ ನಿಯಮ ಮಾವ. ಯಾಕೆ ಗೊತ್ತಾ? ಪೆಟ್ರೋಲಿನ ಆವಿ ಮೇಲಕ್ಕೆ ಹೋಗಲ್ಲ. ನೆಲ ಹಿಡಿದು ಹರಿಯುತ್ತೆ."

ಈ ಕೆಲಸದ ತಿರುಳೆಲ್ಲ ಆ ಮಾತಿನಲ್ಲಿದೆ. ಉರಿಯುವುದು ಪೆಟ್ರೋಲ್ ದ್ರವವಲ್ಲ, ಅದರ ಆವಿ. ಆ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಬಿಚ್ಚಿದ ಪೈಪಿನ ಬಾಯಿಂದ ಹೊರಬಿದ್ದದ್ದು ನೀರಿನ ಹಾಗೆ ಇಳಿಜಾರು ಹುಡುಕಿಕೊಂಡು ಹೋಗುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲಿನ ಜ್ವಲನಬಿಂದು ಸುಮಾರು ಸೊನ್ನೆಗಿಂತ 43 ಡಿಗ್ರಿ ಸೆಲ್ಸಿಯಸ್ ಕೆಳಗೆ. ಎಂದರೆ ಎಂಥ ಚಳಿಯ ದಿನವಾದರೂ ಹೊತ್ತಿಕೊಳ್ಳಲು ಬೇಕಾದಷ್ಟು ಆವಿಯನ್ನು ಅದು ಬಿಡುತ್ತಲೇ ಇರುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಆವಿ ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತುತ್ತದೆ. ಶೇಕಡಾ 7.6ರ ವರೆಗೂ ಆ ಅಪಾಯ ಇದೆ. ಕಾರ್ಟ್ ಇಲ್ಲಿ, ಗೀಸರ್ ಅಲ್ಲಿ, ನಡುವೆ ಇಪ್ಪತ್ತು ಅಡಿ ಇದೆಯಲ್ಲ ಎಂದು ಧೈರ್ಯ ತೆಗೆದುಕೊಳ್ಳುವಂತಿಲ್ಲ. ಆವಿ ನಡೆದುಕೊಂಡು ಹೋಗಿ ಬೆಂಕಿಯನ್ನು ಮುಟ್ಟುತ್ತದೆ, ಬೆಂಕಿ ಅದೇ ದಾರಿಯಲ್ಲಿ ವಾಪಸು ಬರುತ್ತದೆ.

ಮಾವ ಆ ನೀಲಿ ಜ್ವಾಲೆಯನ್ನು ಇನ್ನೊಮ್ಮೆ ಬಗ್ಗಿ ನೋಡುತ್ತಾರೆ. "ಹೊರಗೇ ಸರಿ," ಎನ್ನುತ್ತಾರೆ. ಗ್ಯಾರೇಜಿನ ಬಾಗಿಲನ್ನು ಎಳೆದು ಮುಚ್ಚುತ್ತಾರೆ.

ಕಾರ್ಟನ್ನು ಇನ್ನಷ್ಟು ದೂರ, ಗಾಳಿ ಆಡುವ ಸಮತಟ್ಟು ಜಾಗಕ್ಕೆ ತಳ್ಳುತ್ತಾರೆ. ಅಷ್ಟರಲ್ಲಿ ಒಳಗಿಂದ ಮೊಮ್ಮಗಳು ಓಡಿ ಬಂದು, "ತಾತ, ನಾನು ಸ್ಟೇರಿಂಗ್ ಹಿಡೀಲಾ?" ಎಂದು ಕಾಲೆತ್ತುತ್ತಾಳೆ. ಅಳಿಯ ಅವಳನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ಗದರುವುದಿಲ್ಲ, ಕಾರಣ ಹೇಳುತ್ತಾರೆ. ಕಾರಣ ನೀವೂ ತಿಳಿಯಬೇಕಾದದ್ದೇ. ಇಂಥ ಪೆಟ್ರೋಲ್ ಕಾರ್ಟ್ ನಿಂತಲ್ಲಿ ಗುರುಗುಡುತ್ತಿರುವುದಿಲ್ಲ. ಕೀಲಿ ತಿರುಗಿಸಿದರೂ ಸದ್ದಿಲ್ಲ. ಪೆಡಲ್ ಒತ್ತಿದಾಗ ಸ್ಟಾರ್ಟರ್ ತಿರುಗಿ ಎಂಜಿನ್ ಹತ್ತುತ್ತದೆ, ಬಂಡಿ ಹೊರಡುತ್ತದೆ. ಪೆಡಲ್ ಬಿಟ್ಟರೆ ಎಂಜಿನ್ ಆರುತ್ತದೆ. ಸತ್ತ ಹಾಗೆ ಸುಮ್ಮನೆ ನಿಂತ ಬಂಡಿ ಎಂದುಕೊಂಡು ಮಗುವೊಂದು ಪೆಡಲ್ ಮೇಲೆ ಕಾಲಿಟ್ಟರೆ ಸ್ಟಾರ್ಟರ್ ಒಳಗಿನ ಬ್ರಶ್‌ಗಳು ಕಿಡಿ ಹಾರಿಸುತ್ತವೆ. ಅದೂ ಬಿಚ್ಚಿದ ಪೆಟ್ರೋಲ್ ಪೈಪಿನ ಪಕ್ಕದಲ್ಲಿ. ಮೇಲಿಂದ ಬಂಡಿಯೂ ಮುಂದಕ್ಕೆ ನುಗ್ಗಬಹುದು.

ಅದಕ್ಕೇ ಈಗ ನಡೆಯುವ ಕೆಲಸಗಳಿಗೆ ಒಂದು ಕ್ರಮ ಇದೆ. ಅಳಿಯ ಕೀಲಿ ತೆಗೆದು ಜೇಬಿಗೆ ಹಾಕುತ್ತಾರೆ. ಗೇರಿನ ಹಿಡಿಯನ್ನು ನ್ಯೂಟ್ರಲ್‌ಗೆ ತರುತ್ತಾರೆ. ಬ್ರೇಕ್ ಹಾಕಿ, ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಡುತ್ತಾರೆ. ಆಮೇಲೆ ಬ್ಯಾಟರಿ. ಮೊದಲು ಬಿಚ್ಚುವುದು ನೆಗೆಟಿವ್ ತಂತಿ. ಬಂಡಿಯ ಲೋಹವೆಲ್ಲ ನೆಗೆಟಿವ್‌ಗೆ ಸೇರಿಕೊಂಡಿರುತ್ತದೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರಿನ ಹಿಂಬದಿ ಚಾಸಿಗೆ ತಗುಲಿದರೆ ಅಲ್ಲೇ ದೊಡ್ಡ ಕಿಡಿ. ನೆಗೆಟಿವ್ ಹೊರಗಿದ್ದರೆ ಆ ಭಯ ಇಲ್ಲ. ಬಿಚ್ಚಿದ ತಂತಿ ತಾನಾಗಿ ವಾಪಸು ಬಂದು ಟರ್ಮಿನಲ್‌ಗೆ ತಾಗದಂತೆ ಅದಕ್ಕೆ ಬಟ್ಟೆ ಸುತ್ತಿ ಬದಿಗೆ ಕಟ್ಟುತ್ತಾರೆ. ನಂತರ ಪಾಸಿಟಿವ್. ಕೊನೆಗೆ ಪ್ಲಗ್ಗಿನ ಕ್ಯಾಪ್ ಎಳೆದು ದೂರ ಸರಿಸುತ್ತಾರೆ. ಇಷ್ಟಾದ ಮೇಲೆ ಈ ಬಂಡಿಯಲ್ಲಿ ಕಿಡಿ ಹುಟ್ಟುವ ಜಾಗ ಉಳಿದಿಲ್ಲ.

"ಒಂದು ಬಕೆಟ್ ನೀರು ತಂದಿಡಲಾ?" ಮಾವ ಏಳುತ್ತಾರೆ.

"ನೀರು ಬೇಡ ಮಾವ. ಪೆಟ್ರೋಲ್ ನೀರಿನ ಮೇಲೆ ತೇಲುತ್ತಲ್ಲ, ಬೆಂಕಿ ಇನ್ನೂ ಅಗಲಕ್ಕೆ ಹರಡುತ್ತೆ."

"ಹೌದಲ್ಲ," ಎನ್ನುತ್ತಾರೆ ಮಾವ. "ಬಂಕ್‌ನಲ್ಲಿ ಕೆಂಪು ಬಕೆಟ್ಟಲ್ಲಿ ಮರಳು ನೇತು ಹಾಕಿರ್ತಾರೆ. ನೀರು ಇಟ್ಟಿದ್ದು ನಾನು ನೋಡೇ ಇಲ್ಲ."

ಕೈಗೆ ಸಿಗುವಷ್ಟು ಹತ್ತಿರ, ಆದರೆ ಬಂಡಿಗೆ ಅಂಟಿಕೊಳ್ಳದಂತೆ, ಬೆಂಕಿ ಆರಿಸುವ ಎಬಿಸಿ ಒಣಪುಡಿಯ ಕೆಂಪು ಸಿಲಿಂಡರ್ ಬಂದು ಕೂರುತ್ತದೆ. ಅಳಿಯ ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ನೋಡುತ್ತಾರೆ. ಪಿನ್ ಎಳೆಯುವುದು, ಬೆಂಕಿಯ ಬುಡಕ್ಕೆ ಗುರಿ ಇಡುವುದು, ಹಿಡಿ ಅದುಮುವುದು, ಅತ್ತಿಂದಿತ್ತ ಬೀಸುವುದು, ನಾಲ್ಕನ್ನೂ ಮಾವನಿಗೆ ತೋರಿಸಿಯೇ ಕೆಳಗಿಡುತ್ತಾರೆ. ಒಬ್ಬರ ಕೈಗೆ ಬೆಂಕಿ ತಗುಲಿದಾಗ ಸಿಲಿಂಡರ್ ಎತ್ತಬೇಕಾದವರು ಇನ್ನೊಬ್ಬರು. ಇಬ್ಬರ ಫೋನುಗಳೂ ದೂರದ ಮೆಟ್ಟಿಲ ಮೇಲೆ. ಇಬ್ಬರ ಮೈಮೇಲೂ ಹತ್ತಿಯ ಬಟ್ಟೆ, ಕೈಗೆ ನೈಟ್ರೈಲ್ ಗ್ಲೌಸು, ಕಣ್ಣಿಗೆ ಕನ್ನಡಕ. ಉಂಗುರ, ಲೋಹದ ಪಟ್ಟಿಯ ಗಡಿಯಾರ ಕಳಚಿಟ್ಟಿದ್ದಾರೆ.

ಈಗ ಟ್ಯಾಂಕಿನ ಮುಚ್ಚಳ. ಮಾವ ಕಿವಿ ಹತ್ತಿರ ತಂದು ನಿಧಾನ ತಿರುಗಿಸುತ್ತಾರೆ. ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದ್ದರೆ ಒಳಗೆ ನಿರ್ವಾತ ಆಗಿ ಪೆಟ್ರೋಲ್ ಹೊರಡುವುದಿಲ್ಲ. ಆಗಲೂ ಬಂಡಿ ಸ್ವಲ್ಪ ಓಡಿ ನಿಲ್ಲುತ್ತದೆ, ಮುಚ್ಚಳ ಸಡಿಲಿಸಿದರೆ ಸುಯ್ಯೆಂದು ಗಾಳಿ ಒಳಗೆ ಹೋಗುತ್ತದೆ. ಇಲ್ಲಿ ಅಂಥ ಸದ್ದಿಲ್ಲ. ಬರುವುದು ವಾಸನೆ. ಹೊಸ ಪೆಟ್ರೋಲಿನ ಚುರುಕು ವಾಸನೆಯಲ್ಲ, ಹಳೆಯ ಬಣ್ಣದ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಹುಳಿ ವಾಸನೆ.

"ಇದು ಹಾಳಾಗಿದೆ. ಪೂರ್ತಿ ತೆಗೀಬೇಕು," ಎನ್ನುತ್ತಾರೆ ಮಾವ.

ತೆಗೆಯುವುದು ಹೇಗೆ? ನಮ್ಮೂರಿನ ಪದ್ಧತಿ ನಿಮಗೂ ಗೊತ್ತು. ಪೈಪಿನ ಒಂದು ತುದಿ ಟ್ಯಾಂಕಿಗೆ, ಇನ್ನೊಂದು ಬಾಯಿಗೆ, ಒಂದು ಎಳೆತ. ಗಂಟಲಿಗೆ ಬಂದರೆ ಉಗಿದು ಬಾಯಿ ತೊಳೆದುಕೊಂಡರಾಯಿತು ಎಂಬ ಮಾತು ಗ್ಯಾರೇಜುಗಳಲ್ಲಿ ಎಷ್ಟು ಸಲೀಸು! ಆದರೆ ಪೆಟ್ರೋಲ್ ತೀರ ತೆಳು. ನುಂಗುವಾಗಲೋ ಕೆಮ್ಮುವಾಗಲೋ ಸ್ವಲ್ಪವೇ ಶ್ವಾಸಕೋಶಕ್ಕೆ ಜಾರಿದರೂ ಅಲ್ಲಿ ಹರಡಿ ರಾಸಾಯನಿಕ ನ್ಯುಮೋನಿಯಾ ತರುತ್ತದೆ. ಜೀವಕ್ಕೂ ಕುತ್ತಾಗಬಹುದು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು. ಹೊರಗೆ ಬರುವಾಗ ಅದು ಮತ್ತೆ ಶ್ವಾಸನಾಳಕ್ಕೆ ಇಳಿಯುವ ಅವಕಾಶ ಇದೆ. ಆಸ್ಪತ್ರೆಗೇ ಕರೆದೊಯ್ಯಬೇಕು.

ಇಲ್ಲಿ ಬರುವುದು ಕೈಯಲ್ಲಿ ಒತ್ತುವ ಪುಟ್ಟ ಪಂಪು, ಪೆಟ್ರೋಲಿಗೆಂದೇ ಮಾಡಿದ ಕೆಂಪು ಕ್ಯಾನು. ಅಮೆರಿಕದಲ್ಲಿ ಕೆಂಪು ಪೆಟ್ರೋಲಿಗೆ, ಹಳದಿ ಡೀಸೆಲ್ಲಿಗೆ, ನೀಲಿ ಸೀಮೆಎಣ್ಣೆಗೆ. ಮಾವ ಕ್ಯಾನನ್ನು ಕಾರ್ಟಿನ ಹಿಂದಿನ ಪ್ಲಾಸ್ಟಿಕ್ ತಟ್ಟೆಯ ಮೇಲೆ ಇಡಲು ಹೋದಾಗ ಅಳಿಯ ಅದನ್ನು ನೆಲಕ್ಕಿಳಿಸುತ್ತಾರೆ. ದ್ರವ ಹರಿಯುವಾಗ ಸ್ಥಾಯೀ ವಿದ್ಯುತ್ತು ಹುಟ್ಟುತ್ತದೆ. ಕ್ಯಾನು ನೆಲದ ಮೇಲಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ, ಪ್ಲಾಸ್ಟಿಕ್ಕಿನ ಮೇಲಿದ್ದರೆ ಅಲ್ಲೇ ಕೂತು ಕಿಡಿಗೆ ಕಾಯುತ್ತದೆ. ಲಾರಿಯ ತೊಟ್ಟಿಯಲ್ಲಿ, ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಕ್ಯಾನು ತುಂಬಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಪಂಪು ಒತ್ತುವ ಮೊದಲು ಇಬ್ಬರೂ ಚಾಸಿಯ ಲೋಹವನ್ನೊಮ್ಮೆ ಮುಟ್ಟುತ್ತಾರೆ.

ಬಂದದ್ದರಲ್ಲಿ ಸ್ವಲ್ಪವನ್ನು ಅಳಿಯ ಗಾಜಿನ ಜಾಡಿಗೆ ಬಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಹತ್ತಿರ ಬನ್ನಿ. ಮೇಲೆ ಚಹಾ ಬಣ್ಣದ ಪೆಟ್ರೋಲ್. ತಳದಲ್ಲಿ ಒಂದು ಬೆರಳು ದಪ್ಪಕ್ಕೆ ಬೇರೆಯೇ ಪದರ, ಮಸುಕು, ಜಾಡಿ ಓರೆ ಮಾಡಿದರೆ ತನ್ನ ಗೆರೆ ಬಿಟ್ಟುಕೊಡದೆ ಪೂರ್ತಿ ಜಾರುವ ಪದರ. ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರ ವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯಿಂದ ನೀರು ಹೀರುತ್ತದೆ. ಹೀರಿದ ನೀರು ಶೇಕಡಾ ಅರ್ಧ ದಾಟುವ ಹೊತ್ತಿಗೆ ಎಥೆನಾಲೂ ನೀರೂ ಕೂಡಿಕೊಂಡು ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನೊಳಗಿನ ಹೀರುನಳಿಗೆ ಎಟುಕುವುದು ಆ ತಳವೇ. ಎಂಜಿನ್ ಕೆಮ್ಮಿದ್ದಕ್ಕೆ ಅರ್ಧ ಕಾರಣ ಈ ಜಾಡಿಯಲ್ಲಿದೆ. ಶೇಕಡಾ 15 ಎಥೆನಾಲ್ ಇರುವ ಪೆಟ್ರೋಲ್ ಕೂಡ ಇಲ್ಲಿ ಮಾರಾಟಕ್ಕಿದೆ, ಪಂಪಿನ ಮೇಲೆ ಕಿತ್ತಳೆ ಬಣ್ಣದ ಎಚ್ಚರಿಕೆ ಚೀಟಿ ಇರುತ್ತದೆ. ಇಂಥ ಸಣ್ಣ ಎಂಜಿನ್‌ಗಳಿಗೆ ಅದನ್ನು ಹಾಕುವುದಕ್ಕೆ ಕಾನೂನಿನ ಅನುಮತಿಯೇ ಇಲ್ಲ.

ಉಳಿದರ್ಧ ಕಾರಣ ಹುಡುಕಿದವರು ಮಾವ.

ಟ್ಯಾಂಕಿನ ಹತ್ತಿರದ ಕಾಕ್ ಮುಚ್ಚಿ, ಅಡಿಗೆ ತಟ್ಟೆ ಇಟ್ಟು, ಪೈಪುಗಳ ಜಾಡು ಹಿಡಿಯುತ್ತಾರೆ. ಟ್ಯಾಂಕಿನಿಂದ ಫಿಲ್ಟರ್, ಫಿಲ್ಟರಿನಿಂದ ಪಂಪು, ಪಂಪಿನಿಂದ ಕಾರ್ಬೋರೇಟರು. ಆದರೆ ಪಂಪಿಗೆ ಮೂರನೆಯ ಪೈಪೊಂದಿದೆ, ಅದು ಹೋಗುವುದು ಎಂಜಿನ್ನಿನ ಹೊಟ್ಟೆಗೆ.

"ಇದ್ಯಾಕೆ ಎಂಜಿನ್ನಿಗೆ ಹೋಗಿದೆ?"

"ಇದರಲ್ಲಿ ಕರೆಂಟ್ ಪಂಪ್ ಇಲ್ಲ ಮಾವ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್‌ಕೇಸಲ್ಲಿ ಗಾಳಿ ಎಳೆಯುತ್ತೆ, ತಳ್ಳುತ್ತೆ. ಆ ಮಿಡಿತ ಈ ಪೈಪಲ್ಲಿ ಬಂದು ಪಂಪಿನ ಒಳಗಿರೋ ತೆಳು ಪೊರೆ ಕುಣಿಸುತ್ತೆ. ಅದರಿಂದ ಪೆಟ್ರೋಲ್ ಏರುತ್ತೆ."

ಮಾವ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಯೆಜ್ಡಿಯಲ್ಲಿ ಟ್ಯಾಂಕು ಮೇಲೆ, ಕಾರ್ಬೋರೇಟರ್ ಕೆಳಗೆ, ಪೆಟ್ರೋಲ್ ತಾನೇ ಇಳಿಯುತ್ತಿತ್ತು. ಇಲ್ಲಿ ಎತ್ತಬೇಕು, ಎತ್ತುವ ಬಲವೆಲ್ಲ ಈ ಮೂರನೆಯ ಪೈಪಿನಲ್ಲಿ. ಗ್ಲೌಸಿನ ಕೈಯಲ್ಲಿ ಅದನ್ನು ಹಿಡಿದು, ಇಂಚಿಂಚಾಗಿ ಬಗ್ಗಿಸುತ್ತ ಹೋಗುತ್ತಾರೆ. ಎಂಜಿನ್ ಕಡೆಯ ತುದಿಯಲ್ಲಿ, ಕ್ಲಿಪ್ಪಿನ ಅಂಚಿಗೆ ಬಂದಾಗ ಕೈ ನಿಲ್ಲುತ್ತದೆ. ನೇರ ಇದ್ದಾಗ ಏನೂ ಇಲ್ಲ. ಬಗ್ಗಿಸಿದರೆ ಕಪ್ಪು ರಬ್ಬರಿನಲ್ಲಿ ಕೂದಲೆಳೆಯಷ್ಟು ಸೀಳು ಬಾಯಿ ಬಿಡುತ್ತದೆ. ಕೈ ಸಡಿಲಿಸಿದರೆ ಮುಚ್ಚಿಕೊಳ್ಳುತ್ತದೆ.

"ನೋಡಿ ಅಳಿಯಂದ್ರೇ. ಇಲ್ಲಿ ಗಾಳಿ ಕುಡೀತಿದೆ."

ಸ್ಟಾರ್ಟ್ ಆಗುವಷ್ಟು ಪೆಟ್ರೋಲ್ ಕಾರ್ಬೋರೇಟರಿನ ಬಟ್ಟಲಿನಲ್ಲಿ ಇರುತ್ತಿತ್ತು. ಓಡುವಾಗ ಬೇಕಾದಷ್ಟನ್ನು ದುರ್ಬಲ ಮಿಡಿತ ಎತ್ತಿಕೊಡುತ್ತಿರಲಿಲ್ಲ. ಒಂದು ಪೈಪು ಸೀಳಿದೆ ಎಂದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಬದಲಿಸುವುದೇ ಬುದ್ಧಿವಂತಿಕೆ. ಅಳಿಯ ಹೊಸ ಪೈಪಿನ ಮೈಮೇಲೆ ಅಚ್ಚಾದ ಅಕ್ಷರ ತೋರಿಸುತ್ತಾರೆ: ಎಸ್‌ಎಇ ಜೆ30 ಆರ್7. ಕಾರ್ಬೋರೇಟರ್ ಎಂಜಿನ್ನಿನ ಕಡಿಮೆ ಒತ್ತಡದ ಪೆಟ್ರೋಲಿಗೆ ತಕ್ಕ ಪೈಪು ಎಂದು ಅದರ ಅರ್ಥ. ಅಂಗಡಿಯಲ್ಲಿ ಸಿಗುವ ನೀರಿನ ಪೈಪನ್ನೋ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನೋ ಸಿಕ್ಕಿಸಿದರೆ ಪೆಟ್ರೋಲ್ ಅದನ್ನು ತಿಂದು ಗಟ್ಟಿ ಮಾಡುತ್ತದೆ, ಕೆಲವು ತಿಂಗಳಲ್ಲಿ ಸೋರುತ್ತದೆ. ಹಿಂದೆ ಯಾರೋ ಒಂದು ಕಡೆ ಕ್ಲಿಪ್ಪಿನ ಬದಲು ಪ್ಲಾಸ್ಟಿಕ್ ಟೈ ಬಿಗಿದಿದ್ದಾರೆ. ಬಿಸಿಗೆ ಅದು ಸಡಿಲವಾಗುತ್ತದೆ. ಅದನ್ನು ಕತ್ತರಿಸಿ ಎಸೆಯುತ್ತಾರೆ. ಹೊಸ ಕ್ಲಿಪ್ಪುಗಳ ಅಂಚು ಹೊರಕ್ಕೆ ಮಡಚಿದೆ, ಬಿಗಿಸಿದಾಗ ರಬ್ಬರನ್ನು ಕೊಯ್ಯುವುದಿಲ್ಲ. ಫಿಲ್ಟರಿನ ಮೇಲಿನ ಬಾಣದ ಗುರುತು ಪಂಪಿನ ಕಡೆಗೆ ತಿರುಗಿರಬೇಕು, ಅದನ್ನು ಮಾವನೇ ನೋಡಿ ಕೂರಿಸುತ್ತಾರೆ.

ಕಾರ್ಬೋರೇಟರ್ ಬಿಚ್ಚುವ ಸರದಿ ಬಂದಾಗ ಕುರ್ಚಿ ಖಾಲಿ. ಮಾವ ಮಂಡಿಯೂರಿ ಕೂತಿದ್ದಾರೆ. ಬಟ್ಟಲಿನ ಅಡಿಯ ಸ್ಕ್ರೂ ಸಡಿಲಿಸಿ ಉಳಿದ ಪೆಟ್ರೋಲನ್ನು ತಟ್ಟೆಗೆ ಇಳಿಸುತ್ತಾರೆ, ಬಟ್ಟಲು ಕಳಚುತ್ತಾರೆ. ಒಳಗೆ ಕಂದು ಬಣ್ಣದ ಅಂಟು, ಉಗುರಿಗೆ ಹತ್ತುವ ಅಂಟು. ಆವಿಯಾಗಿ ಹೋದ ಪೆಟ್ರೋಲ್ ಬಿಟ್ಟು ಹೋದದ್ದು. ಫ್ಲೋಟ್ ಪಿನ್ ಎಳೆದು, ನೀಡಲ್ ತೆಗೆದು, ಮೇನ್ ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿಯುತ್ತಾರೆ. ದುಂಡಗೆ ಬೆಳಕು ಕಾಣಬೇಕಾದ ತೂತು ಅರ್ಧಚಂದ್ರವಾಗಿದೆ.

"ತಂತಿ ತೂರಿಸಬೇಡಿ," ಎಂದು ಮಾವನೇ ಮೊದಲು ಹೇಳುತ್ತಾರೆ. "ನಮ್ಮ ಹುಡುಗರಿಗೆ ಅದೊಂದು ಚಟ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗುತ್ತೆ, ಆಮೇಲೆ ಗಾಡಿ ಜನ್ಮಪೂರ್ತಿ ಪೆಟ್ರೋಲ್ ಕುಡಿಯುತ್ತೆ. ನಾನು ಸೈಕಲ್ ಪಂಪಲ್ಲಿ ಗಾಳಿ ಹೊಡೆಸ್ತಿದ್ದೆ."

ಇಲ್ಲಿ ಕಾರ್ಬೋರೇಟರ್ ಕ್ಲೀನರಿನ ಡಬ್ಬಿ ಇದೆ, ಆಮೇಲೆ ಗಾಳಿ. ಕ್ಲೀನರ್ ಕೂಡ ಪೆಟ್ರೋಲಿನಷ್ಟೇ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಜೆಟ್ಟಿನ ಇನ್ನೊಂದು ತುದಿಯಿಂದ ನೇರ ಕಣ್ಣಿಗೆ ಚಿಮ್ಮುತ್ತದೆ. ಕನ್ನಡಕ ಬೇಕಾಗುವುದು ಈ ಕ್ಷಣಕ್ಕೆ. ಭಾಗಗಳನ್ನು ತೊಳೆಯಲು ಬಾಂಡ್ಲಿಯಲ್ಲಿ ಪೆಟ್ರೋಲ್ ಸುರಿದುಕೊಳ್ಳುವುದು, ಕೊನೆಗೆ ಅದರಲ್ಲೇ ಕೈ ತೊಳೆಯುವುದು ನಮ್ಮ ಗ್ಯಾರೇಜುಗಳ ಹಳೆಯ ರೂಢಿ. ತೆರೆದ ಬಾಂಡ್ಲಿ ಎಂದರೆ ಆವಿ ಏಳುವ ಅಗಲವಾದ ಬಾಯಿ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಉಸಿರಿನ ಮೂಲಕ ಮಾತ್ರವಲ್ಲ, ಚರ್ಮದ ಮೂಲಕವೂ ಒಳಹೋಗುತ್ತದೆ. ಮಾವ ತಮ್ಮ ಗ್ಲೌಸನ್ನೊಮ್ಮೆ ನೋಡಿಕೊಳ್ಳುತ್ತಾರೆ, ಸರಿಯಾಗಿ ಎಳೆದುಕೊಳ್ಳುತ್ತಾರೆ.

ಜೆಟ್ಟಿನಲ್ಲಿ ಈಗ ಬೆಳಕು ದುಂಡಗಿದೆ. ಎಲ್ಲ ವಾಪಸು ಜೋಡಿಸಿದ್ದಾಯಿತು. ಇಲ್ಲಿಂದ ಮುಂದೆ ಅವಸರ ಎಲ್ಲರಿಗೂ ಬರುತ್ತದೆ. ಕೆಲಸ ಮುಗಿಯಿತು, ಬ್ಯಾಟರಿ ಕೊಟ್ಟು ಒಮ್ಮೆ ತುಳಿದು ನೋಡೋಣ ಎನ್ನಿಸುತ್ತದೆ. ಅಪಾಯ ಹೆಚ್ಚಿರುವ ಗಳಿಗೆಯೂ ಇದೇ. ತಟ್ಟೆಯಲ್ಲಿ ಇನ್ನೂ ಪೆಟ್ರೋಲಿದೆ, ಬಟ್ಟೆಗಳು ಒದ್ದೆಯಾಗಿವೆ, ಎಂಜಿನ್ ಗೂಡಿನ ತಳದಲ್ಲಿ ಆವಿ ನಿಂತಿರಬಹುದು.

ಅಳಿಯ ತಟ್ಟೆಯದ್ದನ್ನು ಕ್ಯಾನಿಗೆ ಸುರಿದು ಮುಚ್ಚಳ ಬಿಗಿಯುತ್ತಾರೆ. ನೆಲದಲ್ಲಿ ಚೆಲ್ಲಿದ ಕಡೆ ಬೆಕ್ಕಿನ ಮಲಕ್ಕೆ ಹಾಸುವ ಜೇಡಿಪುಡಿ ಹಾಕಿ, ಹೀರಿಕೊಂಡ ಮೇಲೆ ಗುಡಿಸಿ ತೆಗೆಯುತ್ತಾರೆ. ನೀರು ಹೊಡೆದು ಚರಂಡಿಗೆ ಬಿಡುವ ಮಾತೇ ಇಲ್ಲ. ಒದ್ದೆ ಬಟ್ಟೆಗಳು ಮುಚ್ಚಳವಿರುವ ಲೋಹದ ಡಬ್ಬಕ್ಕೆ. ಹಳೆಯ ಪೆಟ್ರೋಲ್ ಊರಿನ ಅಪಾಯಕಾರಿ ತ್ಯಾಜ್ಯ ಸಂಗ್ರಹಕ್ಕೆ ಹೋಗುತ್ತದೆ, ಬೇಲಿಯ ಬುಡದ ಕಳೆಗೆ ಸುರಿಯುವುದಿಲ್ಲ. ಟ್ಯಾಂಕಿಗೆ ಹೊಸ ಪೆಟ್ರೋಲ್, ಅದೂ ಕುತ್ತಿಗೆಯ ತನಕ ಅಲ್ಲ. ಬಿಸಿಲಿಗೆ ಹಿಗ್ಗಲು ಜಾಗ ಬಿಡಬೇಕು. ಕಾಕ್ ತೆರೆದು, ಬಂಡಿಯನ್ನು ಚೆಲ್ಲಿದ ಜಾಗದಿಂದ ದೂರ ತಳ್ಳಿ, ಸೀಟು ತೆಗೆದೇ ಇಟ್ಟು ಗಾಳಿಯಾಡಲು ಬಿಡುತ್ತಾರೆ. ಅಷ್ಟು ಹೊತ್ತೂ ಮಾವ ಒಣ ಕಾಗದದ ಚೂರು ಹಿಡಿದು ಒಂದೊಂದೇ ಕ್ಲಿಪ್ಪಿನ ಅಡಿಗೆ ಒತ್ತಿ ನೋಡುತ್ತಾರೆ. ಸೋರಿಕೆ ಕಣ್ಣಿಗೆ ಕಾಣದಿದ್ದರೂ ಕಾಗದದ ಮೇಲೆ ಕಾಣುತ್ತದೆ. ಎಲ್ಲ ಒಣ.

ವಾಸನೆ ಪೂರ್ತಿ ಹೋದ ಮೇಲೆಯೇ ಪ್ಲಗ್ಗಿನ ಕ್ಯಾಪ್. ಆಮೇಲೆ ಬ್ಯಾಟರಿ, ಈ ಸಲ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಚೂರು ಕಿಡಿ ಹಾರಿದರೆ ಆ ಕೊನೆಯ ತಂತಿಯಲ್ಲೇ ಹಾರುತ್ತದೆ. ಆದ್ದರಿಂದ ಅಲ್ಲಿಯ ತನಕ ಆವಿ ಉಳಿದಿರಬಾರದು.

ಪೆಡಲ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಮಾವನ ಕೈ ಅಭ್ಯಾಸಬಲದಿಂದ ಪೆಟ್ರೋಲ್ ಕ್ಯಾನಿನ ಕಡೆ ಹೋಗುತ್ತದೆ. "ಕಾರ್ಬೋರೇಟರ್ ಬಾಯಿಗೆ ನಾಲ್ಕು ಹನಿ ಬಿಟ್ಟರೆ ತಕ್ಷಣ ಹಿಡಿಯುತ್ತೆ."

"ಬ್ಯಾಕ್‌ಫೈರ್ ಆದ್ರೆ ಬೆಂಕಿ ಬರೋದು ಅದೇ ಬಾಯಿಂದ ಮಾವ, ನಿಮ್ಮ ಮುಖಕ್ಕೆ. ಪಂಪ್ ಈಗ ಖಾಲಿ ಪೈಪ್ ತುಂಬಿಸ್ತಿದೆ. ಚೋಕ್ ಎಳೆದು ಇನ್ನೆರಡು ಸಲ ತುಳಿಯೋಣ."

ಕೆಲವೇ ಸೆಕೆಂಡು ತುಳಿದು ಬಿಡುವುದು, ಸ್ಟಾರ್ಟರ್ ಬಿಸಿಯಾಗದಂತೆ ಸ್ವಲ್ಪ ಬಿಡುವು, ಮತ್ತೆ ತುಳಿಯುವುದು. ಫಿಲ್ಟರಿನ ಪಾರದರ್ಶಕ ಮೈಯಲ್ಲಿ ಪೆಟ್ರೋಲ್ ಏರುವುದು ನಿಮಗೂ ಕಾಣುತ್ತದೆ. ಮುಂದಿನ ತುಳಿತಕ್ಕೆ ಎಂಜಿನ್ ಹಿಡಿಯುತ್ತದೆ, ಹಿಡಿದು ನಿಲ್ಲುತ್ತದೆ, ಸದ್ದು ಒಂದೇ ಸಮನಾಗುತ್ತದೆ. ಎಂಜಿನ್ ಓಡುವಾಗಲೇ ಕಾಗದದ ಚೂರು ಇನ್ನೊಂದು ಸುತ್ತು ಬರುತ್ತದೆ. ನಿಂತಾಗ ಸೋರದ ಜೋಡಣೆ ಒತ್ತಡಕ್ಕೆ ಸೋರಬಹುದು. ಇದೆಲ್ಲ ನಡೆಯುತ್ತಿರುವುದು ಬಯಲಿನಲ್ಲಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಸಂಚಕಾರ.

ಈಚಿನ ಕಾರ್ಟ್‌ಗಳಲ್ಲಿ ಕಾರ್ಬೋರೇಟರಿನ ಜಾಗದಲ್ಲಿ ಇಂಧನ ಇಂಜೆಕ್ಷನ್ ಬಂದಿದೆ. ಅಲ್ಲಿ ಎಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಕ್ಲಿಪ್ ಸಡಿಲಿಸಿದರೆ ಪೆಟ್ರೋಲ್ ಚಿಮ್ಮುತ್ತದೆ. ಆ ಮಾದರಿಯ ಕೈಪಿಡಿಯಲ್ಲಿ ಹೇಳಿದಂತೆ ಒತ್ತಡ ಇಳಿಸುವುದು ಗೊತ್ತಿಲ್ಲದವರು ಅದನ್ನು ಮುಟ್ಟದೆ ಅಂಗಡಿಗೆ ಒಯ್ಯುವುದೇ ಸರಿ.

ಓದುತ್ತಿರುವ ನಿಮ್ಮ ಮನೆಯಲ್ಲಿ ಗಾಲ್ಫ್ ಕಾರ್ಟ್ ಇರಲಿಕ್ಕಿಲ್ಲ. ಆದರೆ ಸ್ಕೂಟರ್ ಇದೆ, ಜನರೇಟರ್ ಇರಬಹುದು, ತೋಟವಿದ್ದರೆ ಕಳೆ ಹೊಡೆಯುವ ಯಂತ್ರವೋ ಪೆಟ್ರೋಲ್ ಪಂಪ್‌ಸೆಟ್ಟೋ ಇದ್ದೇ ಇರುತ್ತದೆ. ನಮ್ಮ ಬಂಕುಗಳಲ್ಲೂ ಈಗ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಮಳೆಗಾಲವಿಡೀ ಮೂಲೆಯಲ್ಲಿಟ್ಟ ಯಂತ್ರದಲ್ಲಿ ಆ ಜಾಡಿಯ ತಳದ ಪದರವೇ ಕಾದು ಕೂತಿರಬಹುದು. ಬಿಚ್ಚುವ ಮೊದಲು ಅದನ್ನು ಅಡುಗೆಮನೆಯ ಒಲೆಯಿಂದ, ದೇವರ ದೀಪದಿಂದ, ಸ್ನಾನದ ಮನೆಯ ಗ್ಯಾಸ್ ಗೀಸರಿನಿಂದ ದೂರ ಬಯಲಿಗೆ ತನ್ನಿ. ತಣ್ಣಗಾಗಲು ಬಿಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಪ್ಲಗ್ ಕ್ಯಾಪ್ ಕೀಳಿ. ಪೈಪನ್ನು ಬಾಯಿಗಿಡಬೇಡಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಮನೆಯೊಳಗೆ ಇಡಬೇಡಿ, ಬಾಯಾರಿದ ಮಗುವಿಗೆ ಅದು ನೀರೆಂದೇ ಕಾಣುತ್ತದೆ. ಮೆಕ್ಯಾನಿಕ್ ಹುಡುಗ ಬಾಂಡ್ಲಿಯಲ್ಲಿ ಪೆಟ್ರೋಲ್ ಸುರಿದುಕೊಂಡು ಕೈ ಅದ್ದುತ್ತಿದ್ದರೆ ಒಂದು ಜೊತೆ ಗ್ಲೌಸು ಕೊಡಿಸಿ. ಪೆಟ್ರೋಲಿನ ಕೆಲಸದಲ್ಲಿ ಕೈಚಳಕಕ್ಕಿಂತ ಕ್ರಮ ದೊಡ್ಡದು. ಆ ಕ್ರಮ ಕಲಿಯುವುದಕ್ಕೆ ಒಂದು ಬೆಳಗು ಸಾಕು.